ಅರಮನೆಯೆಂಬ ದುಡಿಮೆಯ ತಾಣ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಅರಮನೆಯ ಊಳಿಗದವರ ದಿನನಿತ್ಯದ ಬದುಕು. ಕಾರ್ಖಾನೆಗಳ ಊರಾದ ಈ ಬೊಮ್ಮಸಂದ್ರದಲ್ಲಿ ಅರಮನೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹೊಸೂರು ರಸ್ತೆ ಹಿಡಿದು ನಗರದ ಕಡೆ ಹೊರಟರೆ ಬೇಗೂರು ಇಲ್ಲಿಂದ ಬಹಳ ದೂರವೇನಲ್ಲ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರದೆನ್ನಲಾದ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಹೆಸರು ಮೊದಲ ಬಾರಿಗೆ ಸಿಗುತ್ತದೆ. ಊರಿನ ಹಳಮೆಯನ್ನು ಹೇಳಲು ಎಲ್ಲರೂ ಆ ಕಲ್ಲನ್ನು ಉಲ್ಲೇಖಿಸುತ್ತಾರೆ. ಅದರಲ್ಲಿ ಯಾರ ಸಾವು ದಾಖಲಾಗಿದೆ ಎಂದು ಕೇಳುವವರು ಕಡಿಮೆ. ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣಪತಿ ಬೆಂಗಳೂರಿನ ಕಾಳಗದಲ್ಲಿ ಸತ್ತ. ಅದೇ ನಾಗತ್ತರನ ಮನೆಯ ಆಳಾಗಿದ್ದ ಪೆರ್ವೊಣ ಸೆಟ್ಟಿಯೂ ಸತ್ತ. ಅಂದರೆ ನಮ್ಮ ರಾಜಧಾನಿಯ ಹೆಸರಿಗಿರುವ ಮೊದಲ ಸಾಕ್ಷ್ಯ ಒಂದು ದೊಡ್ಡ ಮನೆಯ ಊಳಿಗದವನ ಸಾವಿನ ಜೊತೆ ಕಲ್ಲಿನಲ್ಲಿ ಉಳಿದಿದೆ. ದುಡಿಮೆಯ ಚರಿತ್ರೆಯನ್ನು ಈ ಭಾಗದಲ್ಲಿ ಬರೆಯಲು ಹೊರಟವರು ಅಲ್ಲಿಂದಲೇ ಆರಂಭಿಸಬಹುದು.

ನನ್ನ ವಾದವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅರಮನೆ ದೊರೆಯ ವಾಸಸ್ಥಾನವಾಗಿದ್ದಂತೆಯೇ ನೂರಾರು ಜನ ದುಡಿಯುವ ತಾಣವೂ ಆಗಿತ್ತು. ಅಲ್ಲಿನ ದುಡಿಮೆಗೆ ಕೌಶಲ ಬೇಕಿತ್ತು, ಶಿಸ್ತು ಇತ್ತು, ಲೆಕ್ಕವಿತ್ತು. ಆದರೆ ಆ ತಾಣಕ್ಕೆ ಒಂದು ವಿಚಿತ್ರ ನಿಯಮವಿತ್ತು: ದೊರೆಯ ಮೈಗೆ ಎಷ್ಟು ಹತ್ತಿರವಾದರೆ ಅಷ್ಟು ಕೃಪೆ ಹೆಚ್ಚುತ್ತಿತ್ತು, ಹಕ್ಕು ಅಷ್ಟೇ ಕಡಿಮೆಯಾಗುತ್ತಿತ್ತು. ಈ ಮಾತನ್ನು ಸಮರ್ಥಿಸಲು ಮೊದಲು ಆ ಕೆಲಸಗಳ ಸ್ವರೂಪವನ್ನು ನೋಡೋಣ. ಆಮೇಲೆ ಅವುಗಳಿಗೆ ಸಿಗುತ್ತಿದ್ದ ಪ್ರತಿಫಲ, ನಂತರ ಒಡೆಯನ ಸಾಮೀಪ್ಯದ ಫಲಾಫಲ. ಕೊನೆಯಲ್ಲಿ ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಉತ್ತರಿಸುತ್ತೇನೆ.

ಕೆಲಸದ ಸ್ವರೂಪ ತಿಳಿಯಲು ನಮಗಿರುವ ಅತ್ಯುತ್ತಮ ಆಕರಗಳಲ್ಲೊಂದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. 1129ರ ಸುಮಾರಿಗೆ ರಚಿತವಾದ ಇದರಲ್ಲಿ ಐದು ವಿಂಶತಿಗಳಿವೆ, ಒಂದೊಂದರಲ್ಲೂ 20 ಅಧ್ಯಾಯಗಳು. ಮೂರನೆಯದು ರಾಜನ ಉಪಭೋಗಗಳನ್ನು ಹೇಳುತ್ತದೆ: ಮನೆ, ಸ್ನಾನ, ಪಾದುಕೆ, ತಾಂಬೂಲ, ಲೇಪನ, ವಸ್ತ್ರ, ಮಾಲೆ, ಆಭರಣ, ಆಸನ, ಚಾಮರ, ಅನ್ನ, ಪಾನೀಯ, ಪಾದಾಭ್ಯಂಗ, ವಾಹನ, ಛತ್ರ, ಶಯ್ಯೆ, ಧೂಪ ಮುಂತಾದವು. ಇಡ್ಲಿ, ದೋಸೆ, ವಡೆಗಳ ಹಿರಿಯ ರೂಪಗಳನ್ನು ಹುಡುಕುವವರು ಈ ಭಾಗವನ್ನು ಪ್ರೀತಿಯಿಂದ ಓದುತ್ತಾರೆ. ಇದನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ರಾಜನ ಒಂದೊಂದು ಭೋಗವೂ ಇನ್ನೊಬ್ಬರ ಒಂದು ಕೆಲಸ. ಸ್ನಾನವೆಂದರೆ ನೀರು ಸೇದುವವರು, ಹೊರುವವರು, ಕಾಯಿಸುವವರು, ಎಣ್ಣೆ ತಿಕ್ಕುವವರು, ಮೈ ಒರೆಸುವವರು, ಬಚ್ಚಲು ತೊಳೆಯುವವರು. ಮಾಲೆಯೆಂದರೆ ನಸುಕಿನಲ್ಲೇ ಹೂ ಬಿಡಿಸುವವರು, ಕಟ್ಟುವವರು, ಬಾಡಿದ್ದನ್ನು ತೆಗೆದು ಹಾಕುವವರು. ಸೋಮೇಶ್ವರ ಸುಖಗಳನ್ನು ಎಣಿಸುತ್ತಾ ಹೋದಂತೆ ತನಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಸಂಸ್ಥೆಯ ಉದ್ಯೋಗಗಳ ಪಟ್ಟಿಯನ್ನು ಬರೆದಿಟ್ಟಿದ್ದಾನೆ. ವಸ್ತುಗಳ ಗುಣದೋಷಗಳ ಬಗ್ಗೆ ಅವನು ಕೊಡುವ ವಿವರಗಳು ಬಹುಪಾಲು ಆ ಕೆಲಸದವರ ತಿಳಿವಳಿಕೆಯಿಂದಲೇ ಬಂದಿರಬೇಕೆಂದು ನನ್ನ ಊಹೆ. ಯಾವ ಎಲೆ ಎಳೆಯದು, ಯಾವ ಅಡಿಕೆ ಒಗರು, ಸುಣ್ಣ ಎಷ್ಟಾದರೆ ನಾಲಿಗೆ ಸುಡುತ್ತದೆ ಎಂಬುದು ದಿನಕ್ಕೆ ಹತ್ತಾರು ಬಾರಿ ವೀಳ್ಯ ಮಡಿಚುವ ಕೈಗೆ ಗೊತ್ತಿರುವಷ್ಟು ಅದನ್ನು ಮೆಲ್ಲುವ ಬಾಯಿಗೆ ಗೊತ್ತಿರಲಾರದು.

ಇಲ್ಲಿಂದ ವಿಜಯನಗರಕ್ಕೆ ಬರೋಣ. ಹದಿನಾರನೆಯ ಶತಮಾನದಲ್ಲಿ ಆ ನಗರವನ್ನು ಕಂಡು ಬರೆದ ಪೋರ್ಚುಗೀಸರಲ್ಲಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ವರ್ಣಿಸಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಸಾಧನೆ ಮಾಡಿ, ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿದು, ಕುದುರೆ ಓಡಿಸಿ, ಕೊನೆಗೆ ಸ್ನಾನಕ್ಕೆ ಹೋಗುತ್ತಿದ್ದ. ನಾವು ಇದನ್ನು ರಾಯನ ಶಿಸ್ತಿಗೆ ಉದಾಹರಣೆಯಾಗಿ ಪಾಠ ಹೇಳುತ್ತೇವೆ, ತಪ್ಪಿಲ್ಲ. ಆದರೆ ದೊರೆ ನಸುಕಿಗೆ ಎದ್ದರೆ ಎಣ್ಣೆಯವನು, ಜಟ್ಟಿ, ಕುದುರೆಯವನು, ಬಿಸಿನೀರಿನವನು ಅದಕ್ಕಿಂತ ಎಷ್ಟು ಮೊದಲು ಎದ್ದಿರಬೇಕು? ಒಬ್ಬ ದೊರೆಯ ದಿನಚರಿ ಹತ್ತಾರು ಮನೆಗಳ ನಿದ್ದೆಯ ವೇಳೆಯನ್ನು ಗೊತ್ತುಮಾಡುತ್ತಿತ್ತು. ಪಾಳಿಯ ಗಂಟೆಗೆ ತಕ್ಕಂತೆ ಮನೆಯ ಒಲೆ ಹೊತ್ತಿಸುವ, ಇಲ್ಲಿನ ಕಾರ್ಮಿಕರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಯೆಸ್‌ಗಿಂತಲೂ ಮುಖ್ಯ ಸಾಕ್ಷಿ, ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಫೆರ್ನಾವೊ ನೂನಿಜ್. ಅಂತಃಪುರದ ಬಾಗಿಲೊಳಗೆ ನಡೆಯುವ ಖರ್ಚಿನ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ರಾಜ್ಯದ ವ್ಯವಹಾರವನ್ನು ಬರೆದಿಟ್ಟು ಹೊರಗಿನ ಕರಣಿಕರ ಪುಸ್ತಕಗಳ ಜೊತೆ ತಾಳೆ ನೋಡುವ ಹೆಂಗಸರಿದ್ದರು. ಕುಸ್ತಿಯಾಡುವ, ಜ್ಯೋತಿಷ್ಯ ಹೇಳುವ, ವಾದ್ಯ ನುಡಿಸುವ, ರಾತ್ರಿ ಅರಮನೆ ಕಾಯುವ ಹೆಂಗಸರೂ ಇದ್ದರು. ಇನ್ನೊಂದು ಸಣ್ಣ ವಿವರವನ್ನು ಅವನು ಕೊಡುತ್ತಾನೆ: ದೊರೆ ಒಮ್ಮೆ ಉಟ್ಟ ಬಟ್ಟೆಯನ್ನು ಮತ್ತೆ ಉಡುತ್ತಿರಲಿಲ್ಲ, ಕಳಚಿದ ಕೂಡಲೇ ಅದು ನಿಯಮಿತ ಅಧಿಕಾರಿಗಳ ವಶಕ್ಕೆ ಹೋಗುತ್ತಿತ್ತು, ಅವರು ಅದರ ಲೆಕ್ಕ ಒಪ್ಪಿಸಬೇಕಿತ್ತು. ಆ ಬಟ್ಟೆ ಯಾರಿಗೂ ಕೊಡುಗೆಯಾಗಿ ಹೋಗುತ್ತಿರಲಿಲ್ಲ. ಅರಮನೆಯ ಹೆಂಗಸರೆಂದರೆ ಚಾಮರ ಬೀಸುವ, ಗೆಜ್ಜೆ ಕಟ್ಟಿದ ಬೊಂಬೆಗಳೆಂದು ಸಿನಿಮಾಗಳು ನಮ್ಮ ಕಣ್ಣಿಗೆ ಕಟ್ಟಿಸಿರುವ ಚಿತ್ರಕ್ಕೂ ಈ ಲೆಕ್ಕಪತ್ರದ ಚಿತ್ರಕ್ಕೂ ಎಷ್ಟು ಅಂತರ! ಸುಮಾರು ಐದು ನೂರು ವರ್ಷಗಳ ಹಿಂದೆಯೇ ಹಂಪಿಯಲ್ಲಿ ಹೆಂಗಸರು ಲೆಕ್ಕ ಪರಿಶೋಧನೆ ಮಾಡುತ್ತಿದ್ದರೆಂಬುದನ್ನು ನಮ್ಮ ಶಾಲಾ ಪುಸ್ತಕಗಳು ದೊಡ್ಡಕ್ಷರದಲ್ಲಿ ಹೇಳಬೇಕಾಗಿತ್ತು.

ಈಗ ಮೈಸೂರಿನ ಅರಮನೆಗೆ ಬರುತ್ತೇನೆ. ನಮ್ಮ ವಿಷಯಕ್ಕೆ ಅತ್ಯಂತ ಸಮೃದ್ಧವಾದ ಕ್ಷೇತ್ರ ಇದೇ. ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ, ಅಠಾರ ಕಚೇರಿಯಾಗಿ ವಿಂಗಡಿಸಿದ್ದು ಪ್ರಸಿದ್ಧ. ಅವರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ ಬೆಣ್ಣೆ ಚಾವಡಿ ಎನಿಸಿತ್ತು. ಟಿಪ್ಪು ಅದನ್ನು ಅಮೃತ್ ಮಹಲ್ ಎಂದು ಕರೆದ. ಇಂದು ಒಂದು ಗೋತಳಿಯ ಹೆಸರಾಗಿ ನಾವು ಕೇಳುವ ಮಾತಿನ ಹಿಂದೆ ಕಾವಲುಗಳಲ್ಲಿ ದನ ಕಾದವರ, ಹಾಲು ಕರೆದವರ, ಬೆಣ್ಣೆ ಕಡೆದವರ ತಲೆಮಾರುಗಳಿವೆ. ಇಪ್ಪತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಅವಸರದ ಹೋಬಳಿ, ಸಮ್ಮುಖ, ಜನಾನಾ, ಮೊದೀಖಾನೆ, ತೋಷೇಖಾನೆ, ಕರೋಹಟ್ಟಿ, ಗಜಶಾಲೆ, ಲಾಯ ಎಂದು ಅರಮನೆಯೊಳಗೇ ಇಲಾಖೆಗಳು ಹರಡಿಕೊಂಡಿದ್ದವು. ಅಕ್ಕಿ ಬೇಳೆ ಮೊದೀಖಾನೆಯಿಂದ ಬರಬೇಕು, ಒಡವೆ ತೋಷೇಖಾನೆಯಿಂದ ಹೊರಬಂದು ಮತ್ತೆ ಅಲ್ಲಿಗೇ ಸೇರಬೇಕು, ಪ್ರತಿ ಹಂತದಲ್ಲೂ ಬರಹವಿರಬೇಕು. ಇದರ ಜೊತೆಗೆ ಜಾತಿಯ ಕಟ್ಟುಪಾಡು. ಒಳ ಅಡುಗೆಮನೆಗೆ ಯಾರು ಹೋಗಬಹುದು, ಪಲ್ಲಕ್ಕಿಗೆ ಯಾರು ಹೆಗಲು ಕೊಡಬೇಕು, ಬಟ್ಟೆ ಯಾರು ಒಗೆಯಬೇಕು, ಅಂಗಳದಾಚೆಯ ಕಸ ಯಾರು ಹೊರಬೇಕು ಎಂಬುದು ಹುಟ್ಟಿನಿಂದಲೇ ಗೊತ್ತಾಗಿರುತ್ತಿತ್ತು. ಅರಮನೆಯ ಸೊಗಸನ್ನು ಹೊಗಳುವಾಗ ಈ ಮಾತನ್ನು ನುಂಗಿಕೊಳ್ಳುವುದು ನ್ಯಾಯವಲ್ಲ. ಕೆಲಸಗಳ ಹಂಚಿಕೆ ಸಮರ್ಪಕವಾಗಿತ್ತು ಎನ್ನುವುದು ನಿಜ, ಆ ಹಂಚಿಕೆಯಲ್ಲಿ ಆಯ್ಕೆಗೆ ಎಡೆಯಿರಲಿಲ್ಲ ಎನ್ನುವುದೂ ನಿಜ.

ಒಂದೇ ಒಂದು ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ: ದೀಪದ ಕೆಲಸ. ಇಂದು ನಾವು ನೋಡುವ ಅರಮನೆ ಹೆನ್ರಿ ಇರ್ವಿನ್ ವಿನ್ಯಾಸದ್ದು, 1912ರಲ್ಲಿ ಮುಗಿದದ್ದು. ಅದಕ್ಕೂ ಮೊದಲು ಅಲ್ಲಿದ್ದದ್ದು ಮರದ ಅರಮನೆ. ಮರದ ಕಂಬ, ಮರದ ಜಂತೆ, ಮರದ ಮಾಳಿಗೆಯ ನಡುವೆ ಸಂಜೆಯಾಗುತ್ತಲೇ ನೂರಾರು ಎಣ್ಣೆದೀಪಗಳು. ಬತ್ತಿ ಹೊಸೆಯಬೇಕು, ಎಣ್ಣೆ ಅಳೆದು ಸುರಿಯಬೇಕು, ಕರಿ ಹಿಡಿದ ಸೊಡರನ್ನು ಬೂದಿಯಿಂದ ಉಜ್ಜಬೇಕು, ಗಾಜಿನ ಬುರುಡೆ ಒಡೆಯದಂತೆ ಒರೆಸಬೇಕು, ಗಾಳಿ ಬಂದಾಗ ಕೈ ಅಡ್ಡ ಹಿಡಿಯಬೇಕು, ಉತ್ಸವದ ರಾತ್ರಿ ದೀವಟಿಗೆ ಹಿಡಿದು ಮೆರವಣಿಗೆಯ ಪಕ್ಕದಲ್ಲಿ ನಡೆಯಬೇಕು. ಬಿಸಿ ಎಣ್ಣೆ ತೊಟ್ಟಿಕ್ಕುವ ಪಂಜನ್ನು ಹೊತ್ತಷ್ಟು ಹೊತ್ತೂ ಮುಖಕ್ಕೆ ಹೊಗೆ, ಮುಂಗೈಗೆ ಕಾವು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿಯಿಡೀ ಯಾರಾದರೊಬ್ಬರು ಬೆಂಕಿಯ ಮೇಲೆ ಕಣ್ಣಿಟ್ಟು ಎಚ್ಚರವಿರಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಆ ಮರದ ಅರಮನೆ ಸುಟ್ಟುಹೋಯಿತು. ಅಂಥ ಕಟ್ಟಡ ಅಲ್ಲಿಯವರೆಗೆ ದಿನದಿನವೂ ಉಳಿದುಕೊಂಡು ಬಂದಿದ್ದೇ ದೀಪದ ಊಳಿಗದವರ ಎಚ್ಚರದ ಬಲದಿಂದ ಎಂದು ಯಾವ ಚರಿತ್ರೆಯೂ ಬರೆಯುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟಿತು, 1908ರಲ್ಲಿ ಮೈಸೂರಿಗೂ ಬಂತು. ಗುಂಡಿ ಒತ್ತಿದರೆ ಬೆಳಕಾಗುವ ಹೊಸ ಅರಮನೆಯಲ್ಲಿ ಬತ್ತಿ ಹೊಸೆಯುವ ಕೈಗಳ ಅಗತ್ಯ ಕುಗ್ಗಿತು, ತಂತಿ ಎಳೆಯುವವರು ಬೇಕಾದರು. ದಸರೆಯ ಹೊತ್ತಿಗೆ ಅರಮನೆಯಲ್ಲಿ ಉರಿಯುವ, ಒಂದು ಲಕ್ಷಕ್ಕೆ ಹತ್ತಿರವಾಗುವ ಬಲ್ಬುಗಳನ್ನು ನೋಡಿ ನಾವು ಬೆರಗಾಗುತ್ತೇವೆ. ಕೆಟ್ಟದ್ದನ್ನು ಗುರುತಿಸಿ, ಎತ್ತರಕ್ಕೆ ಹತ್ತಿ ಬದಲಿಸುವವರು ಇಂದೂ ಇದ್ದಾರೆ.

ಇನ್ನು ಪ್ರತಿಫಲದ ವಿಚಾರಕ್ಕೆ ಬರುತ್ತೇನೆ. ಅರಮನೆಯ ಊಳಿಗಕ್ಕೆ ಸಂಬಳವೇ ಇರಲಿಲ್ಲ, ಎಲ್ಲವೂ ದೊರೆಯ ದಯೆಯಿಂದ ನಡೆಯುತ್ತಿತ್ತು ಎಂಬ ನಂಬಿಕೆ ತಪ್ಪು. ಅಕ್ಬರನ ಆಸ್ಥಾನದ 'ಐನ್-ಇ-ಅಕ್ಬರಿ'ಯಲ್ಲಿ ಪಲ್ಲಕ್ಕಿ ಹೊರುವವರ ತಿಂಗಳ ಸಂಬಳವೂ ದಾಖಲಾಗಿದೆ: ಸಾಮಾನ್ಯ ಬೋಯಿಗೆ 120ರಿಂದ 160 ದಾಮು, ಅಂದರೆ ಮೂರರಿಂದ ನಾಲ್ಕು ರೂಪಾಯಿ, ತಂಡದ ಮುಖ್ಯಸ್ಥನಿಗೆ 192ರಿಂದ 384 ದಾಮು. ಆದರೆ ನಮ್ಮ ಅರಮನೆಗಳಲ್ಲಿ ನಾಣ್ಯದ ಸಂಬಳ ಪ್ರತಿಫಲದ ಒಂದು ಪಾಲು ಮಾತ್ರ. ಉಳಿದದ್ದು ಅನ್ನ, ಬಟ್ಟೆ, ಇರಲು ಜಾಗ, ಹಬ್ಬದ ಉಡುಗೊರೆ, ಕೆಲವರಿಗೆ ಉಂಬಳಿ, ಎಲ್ಲಕ್ಕಿಂತ ಮಿಗಿಲಾಗಿ ಮಗನಿಗೂ ಇದೇ ಕೆಲಸ ಸಿಗುತ್ತದೆಂಬ ಭರವಸೆ. ಈ ಭರವಸೆಯನ್ನು ಹಗುರವಾಗಿ ಕಾಣಬಾರದು. ಹೊರಗೆ ಬರ ಬಂದಾಗ ಅರಮನೆಯ ಒಲೆ ಉರಿಯುತ್ತಿತ್ತು. 1876–78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಂಥ ಕಾಲದಲ್ಲಿ ಎರಡು ಹೊತ್ತಿನ ಊಟದ ಖಾತ್ರಿಗಿಂತ ದೊಡ್ಡ ಸಂಬಳ ಯಾವುದಿತ್ತು?

ಆದರೆ ಇದೇ ವ್ಯವಸ್ಥೆಯ ಇನ್ನೊಂದು ಮಗ್ಗುಲು ಕಷ್ಟದ್ದು. ಅನ್ನ ಕೊಡುವ ಮನೆ ಅಲುಗಾಡಿದರೆ ಊಳಿಗದವರಿಗೆ ಕಾನೂನಿನ ಆಸರೆ ಇರಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಅರಮನೆಯ ಪರಿವಾರ ದೊಡ್ಡದಾಗಿಯೇ ಉಳಿದಿತ್ತು. ಅಧಿಕಾರ ಹೋದ ದೊರೆಗೆ ತನ್ನನ್ನು ನಂಬಿದವರನ್ನು ಕೈಬಿಡುವುದು ಸಾಧ್ಯವಿರಲಿಲ್ಲ. 1868ರ ಮಾರ್ಚ್‌ನಲ್ಲಿ ಅವರು ತೀರಿಕೊಂಡ ಮೇಲೆ ಬ್ರಿಟಿಷ್ ಅಧಿಕಾರಿಗಳು ಅರಮನೆಯ ಸಾಲವನ್ನೂ ಖರ್ಚನ್ನೂ ತಪಾಸಣೆ ಮಾಡಿ ಸಿಬ್ಬಂದಿಯನ್ನು ತಗ್ಗಿಸಿದರು. ಅವರ ದೃಷ್ಟಿಯಲ್ಲಿ ಅದು ದುಂದಿಗೆ ಹಾಕಿದ ಕಡಿವಾಣ. ತಲೆಮಾರುಗಳಿಂದ ಒಂದೇ ಕೆಲಸ ಕಲಿತು, ಆ ಕೆಲಸಕ್ಕೆ ಹೊರಗೆ ಗಿರಾಕಿಯೇ ಇಲ್ಲದ ಕುಟುಂಬಗಳ ದೃಷ್ಟಿಯಲ್ಲಿ ಅದೇನಾಗಿತ್ತು ಎಂಬುದನ್ನೂ ನಾವು ಕೇಳಬೇಕು. ಚಾಮರ ಹಿಡಿಯುವುದರಲ್ಲಿ ನಿಪುಣನಾದವನಿಗೆ ಪೇಟೆಯಲ್ಲಿ ಯಾರು ಕೆಲಸ ಕೊಡುತ್ತಾರೆ? ನೂರು ವರ್ಷದ ನಂತರ ಇದೇ ಮತ್ತೆ ನಡೆಯಿತು. ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಬರುತ್ತಿತ್ತು. 1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೇ ತಿದ್ದುಪಡಿ ಅದನ್ನು ರದ್ದು ಮಾಡಿತು. ಪ್ರಜಾಪ್ರಭುತ್ವದ ನ್ಯಾಯಕ್ಕೆ ಅದು ಸರಿಯಾದ ಹೆಜ್ಜೆ ಎಂದೇ ನಾನು ನಂಬುತ್ತೇನೆ. ಆದರೆ ಸಂಸತ್ತಿನ ಒಳಗೂ ಹೊರಗೂ ಕಾವೇರಿದ ಆ ಚರ್ಚೆ ನಡೆದದ್ದು ರಾಜರ ಹಕ್ಕು ಮತ್ತು ಸರ್ಕಾರದ ಮಾತಿನ ಸುತ್ತ. ಆ ಹಣದಿಂದ ಸಂಬಳ ಪಡೆಯುತ್ತಿದ್ದ ಅಡುಗೆಯವರು, ಮಾಲಿಗಳು, ಕಾವಲಿನವರು ಆ ಚರ್ಚೆಯ ಅಂಚಿನಲ್ಲೇ ಉಳಿದರು.

ಇಲ್ಲಿಂದ ನನ್ನ ವಾದದ ಹೃದಯಭಾಗಕ್ಕೆ, ಅಂದರೆ ಸಾಮೀಪ್ಯದ ಪ್ರಶ್ನೆಗೆ ಬರುತ್ತೇನೆ. ತಿರುಮಕೂಡಲು ನರಸೀಪುರದ ಬಳಿಯ ದೊಡ್ಡಹುಂಡಿಯಲ್ಲಿ ಒಂಬತ್ತನೆಯ ಶತಮಾನದ ಒಂದು ಗಂಗ ಶಾಸನ ಸಿಕ್ಕಿದೆ. ಅದರ ಶಿಲ್ಪದಲ್ಲಿ ದೊರೆ ನೀತಿಮಾರ್ಗ ಸಾಯುತ್ತಿದ್ದಾನೆ; ಪಕ್ಕದಲ್ಲಿ ಅವನ ಮನೆಯ ಸೇವಕ ಅಗರಯ್ಯ. ಒಡೆಯ ಸತ್ತಾಗ ಅವನ ಜೊತೆಯಲ್ಲೇ ಪ್ರಾಣ ಬಿಟ್ಟು ಅವನ ಕೆಳಗೆ ಹೂಳಿಸಿಕೊಳ್ಳುವ ಕೀಳ್ಗುಂಟೆ ಎಂಬ ಪದ್ಧತಿಯ ಪ್ರಕಾರ ಅಗರಯ್ಯ ಸತ್ತ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಗರುಡಗಂಬವಿದೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಜೊತೆ ಅವನ ಅಂಗರಕ್ಷಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ, ಅವನ ಪರಿವಾರ ಪ್ರಾಣ ಕೊಟ್ಟದ್ದನ್ನು ಅದು ಸಾರುತ್ತದೆ, ತಲೆ ಕತ್ತರಿಸಿಕೊಳ್ಳುವವರ ಶಿಲ್ಪಗಳೂ ಅಲ್ಲಿವೆ. ಇವರಿಗೆ ಸಿಕ್ಕಷ್ಟು ಗೌರವ ಯಾವ ಊಳಿಗದವರಿಗೂ ಸಿಕ್ಕಿಲ್ಲ. ಕಲ್ಲಿನಲ್ಲಿ ಹೆಸರು, ಶಿಲ್ಪ, ಕುಟುಂಬಕ್ಕೆ ಭೂಮಿ. ಆದರೆ ಅದಕ್ಕೆ ತೆತ್ತ ಬೆಲೆ ಬದುಕುವ ಹಕ್ಕು. ದೊರೆಯ ಮನೆಯಿಂದ ದೂರವಿದ್ದ ಒಬ್ಬ ಕಮ್ಮಾರನನ್ನೋ ದನಗಾಹಿಯನ್ನೋ ಯಾರೂ ದೊರೆಯ ಜೊತೆ ಸಾಯಲು ಕೇಳುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಲ್ಲುವವನ ಜೀವದ ಮೇಲೆ ಮಾತ್ರ ಒಡೆಯನಿಗೆ ಅಷ್ಟು ಹಕ್ಕಿತ್ತು. ಇವರು ಸ್ವಂತ ಇಚ್ಛೆಯಿಂದ ಪ್ರತಿಜ್ಞೆ ಮಾಡಿದವರು ಎಂಬುದನ್ನು ನಾನು ಒಪ್ಪುತ್ತೇನೆ, ಅವರ ನಿಷ್ಠೆಯ ಮುಂದೆ ತಲೆಬಾಗುತ್ತೇನೆ. ಆದರೆ ತಾನೂ ತನ್ನ ಮಕ್ಕಳೂ ಉಣ್ಣುವ ಪ್ರತಿ ತುತ್ತೂ ಒಬ್ಬನ ಕೈಯಿಂದಲೇ ಬರುವಾಗ ಅಂಥ ಇಚ್ಛೆ ಎಷ್ಟರಮಟ್ಟಿಗೆ ಸ್ವತಂತ್ರ ಎಂದು ಕೇಳುವುದು ಅವರಿಗೆ ಮಾಡುವ ಅಗೌರವವಲ್ಲ.

ಸಾಮೀಪ್ಯ ಒಮ್ಮೊಮ್ಮೆ ಬೇರೆ ಬಾಗಿಲನ್ನೂ ತೆರೆಯುತ್ತಿತ್ತು. ಇದಕ್ಕೆ ಸಂಚಿಯ ಹೊನ್ನಮ್ಮನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿಯವರ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ ಆಕೆಯದು. ಕೇಳಲು ಹಗುರವೆನಿಸುವ ಕೆಲಸ. ಆದರೆ ರಾಣಿಯ ಬಾಯಿಗೆ ಹೋಗುವ ಪದಾರ್ಥ ಅದು, ವಿಷದ ಭಯ ಸದಾ ಇದ್ದ ಅಂತಃಪುರದಲ್ಲಿ ಪೂರ್ಣ ನಂಬಿಕೆಯಿದ್ದವರ ಕೈಗೆ ಮಾತ್ರ ಸಿಗುತ್ತಿದ್ದ ಕೆಲಸ. ಎಲೆ ಕೇಳಿದ ಕ್ಷಣಕ್ಕೆ ಒದಗಿಸಬೇಕಾದ್ದರಿಂದ ಸಂಚಿಯವಳು ರಾಣಿಯ ಎಲ್ಲ ಮಾತುಕತೆಗಳ ಹತ್ತಿರವೇ ನಿಂತಿರಬೇಕು. ಹಾಗೆ ನಿಂತು ಕೇಳಿದ ಕಾವ್ಯ, ಪುರಾಣ, ಪಂಡಿತರ ಚರ್ಚೆ ಆಕೆಗೆ ಪಾಠಶಾಲೆಯಾಯಿತು. ಆಸ್ಥಾನದ ಪಂಡಿತ ಅಳಸಿಂಗರಾರ್ಯರು ಆಕೆಯ ಪ್ರತಿಭೆಯನ್ನು ಗುರುತಿಸಿ ಮೆಚ್ಚಿದರು, ರಾಣಿ ಬರೆಯಲು ಹೇಳಿದರು, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಹುಟ್ಟಿತು. ಕೃತಿಯ ಹೆಚ್ಚಿನ ಭಾಗ ಪತಿವ್ರತೆಯ ಕರ್ತವ್ಯಗಳನ್ನು ಹೇಳುತ್ತದೆ, ಆಶ್ರಯ ಕೊಟ್ಟವರು ಬಯಸಿದ ವಸ್ತು ಅದು. ಆದರೆ ಅದರೊಳಗೇ ಹೆಣ್ಣೆಂಬ ಕಾರಣಕ್ಕೆ ಹಳಿಯುವವರನ್ನು ನೇರವಾಗಿ ಪ್ರಶ್ನಿಸುವ ದನಿಯೂ ಎದ್ದಿದೆ. ಊಳಿಗದ ನಡುವೆ ನಿಂತು ಆ ಪ್ರಶ್ನೆ ಕೇಳಲು ಬೇಕಾದ ಧೈರ್ಯವನ್ನು ನಮ್ಮ ಸಾಹಿತ್ಯ ಚರಿತ್ರೆ ಇನ್ನೂ ಪೂರ್ತಿಯಾಗಿ ಅಳೆದಿಲ್ಲ ಎಂದು ನನ್ನ ಅಭಿಪ್ರಾಯ. ಆಕೆಯನ್ನು ನಾವು ಕವಯಿತ್ರಿ ಎಂದು ಓದುತ್ತೇವೆ; ಕನ್ನಡದಲ್ಲಿ ಪೂರ್ಣ ಕೃತಿಯನ್ನು ಬಿಟ್ಟುಹೋದ, ದುಡಿದು ಬದುಕಿದ ಹೆಂಗಸು ಎಂದೂ ಓದಬೇಕು.

ಕೊಡಗಿನಲ್ಲಿ ಇದರ ವಿರುದ್ಧ ದಿಕ್ಕಿನ ಕಥೆ ನಡೆಯಿತು. ಚಿಕ್ಕವೀರರಾಜೇಂದ್ರನ ಅರಮನೆಯಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಕುಂಟ ಬಸವ ದಿವಾನಗಿರಿಯವರೆಗೆ ಏರಿದ, 1834ರಲ್ಲಿ ರಾಜ್ಯ ಬಿದ್ದಾಗ ಅವನೂ ಅಳಿದ. ಒಡೆಯನ ಇಷ್ಟವೊಂದೇ ಏಣಿಯಾದಾಗ ಒಡೆಯ ಬಿದ್ದರೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ. ಹೆಸರೇ ಉಳಿಯದವರ ಕಥೆ ಇನ್ನೂ ದೊಡ್ಡದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಜನಾನಾದ ನೂರಾರು ಹೆಂಗಸರನ್ನು ಬ್ರಿಟಿಷರು ವೆಲ್ಲೂರಿಗೆ ಸಾಗಿಸಿದರು. ಅವರೆಲ್ಲ ರಾಣಿಯರೆಂದು ಜನ ತಿಳಿದರು, ದೊರೆಯ ಭೋಗಲಾಲಸೆಗೆ ಅದನ್ನೇ ಸಾಕ್ಷಿ ಮಾಡಿಕೊಂಡವರೂ ಉಂಟು. ಅವರಲ್ಲಿ ದಾಸಿಯರು, ಪರಿಚಾರಿಕೆಯರು ಬಹಳ ಮಂದಿ ಇದ್ದರು. ಒಂದು ರಾಜ್ಯದ ಸೋಲಿಗೆ ಕಾರಣರಲ್ಲದ, ಆ ರಾಜ್ಯದಲ್ಲಿ ಪಾಲೂ ಇಲ್ಲದ ಆ ಹೆಂಗಸರು ಸೋತ ದೊರೆಯ ಸೊತ್ತಿನ ಜೊತೆ ಲೆಕ್ಕಕ್ಕೆ ಸೇರಿ ಊರು ಬಿಟ್ಟರು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಸಾಕ್ಷ್ಯದ ಕುರಿತದ್ದು. ಊಳಿಗದವರು ತಮ್ಮ ಕಥೆಯನ್ನು ತಾವೇ ಬರೆಯಲಿಲ್ಲ, ಇರುವುದೆಲ್ಲ ದೊರೆಗಳ, ಕವಿಗಳ, ಪ್ರವಾಸಿಗರ ಬರಹ. ಅದರಿಂದ ಅವರ ಬದುಕನ್ನು ಹೇಗೆ ತಿಳಿಯುವುದು? ತೊಂದರೆ ನಿಜವಾದದ್ದೇ. ಜನ್ನನ 'ಯಶೋಧರ ಚರಿತೆ'ಯಲ್ಲಿ ಇರುಳಿನಲ್ಲಿ ಹಾಡುವ ಮಾವುತನೊಬ್ಬ ಬರುತ್ತಾನೆ. 1209ರ ಈ ಕಾವ್ಯ ಅವನ ದನಿಯನ್ನು ಮಧುರವೆನ್ನುತ್ತದೆ, ಮೈಯನ್ನು ಅಸಹ್ಯವೆನ್ನುತ್ತದೆ; ಅವನ ದಿನದ ದುಡಿಮೆ ಏನೆಂಬುದು ಕಾವ್ಯಕ್ಕೆ ಬೇಕಿಲ್ಲ. ಆದರೆ ಮೌನವಾದ ಆಕರಗಳೂ ಕೇಳಿದರೆ ಮಾತಾಡುತ್ತವೆ. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ನಾಲ್ವಡಿ ಕೃಷ್ಣರಾಜರ ಕಾಲದ ಮೆರವಣಿಗೆಯ ಛಾಯಾಚಿತ್ರಗಳನ್ನು ಆಧರಿಸಿ ಅರಮನೆಯ ಚಿತ್ರಕಾರರು ಬರೆದ ಚಿತ್ರಗಳವು. ಆದ್ದರಿಂದ ಅಲ್ಲಿ ಕೊಡೆ ಹಿಡಿದವರ, ಕುದುರೆಯ ಲಗಾಮು ಹಿಡಿದವರ, ಬಿರುದು ಬಾವಲಿ ಹೊತ್ತವರ ಮುಖಗಳು ಕಲ್ಪನೆಯವಲ್ಲ, ಆ ದಿನ ಆ ಬಿಸಿಲಿನಲ್ಲಿ ನಡೆದ ನಿಜವಾದ ಮನುಷ್ಯರವು. ಅವರ ರುಮಾಲಿನ ಸುತ್ತು, ನಿಲುವಂಗಿಯ ಪಟ್ಟಿ, ಬರಿಗಾಲು, ಬೂಟುಗಾಲುಗಳ ವ್ಯತ್ಯಾಸವನ್ನು ಗಮನಿಸುತ್ತಾ ಹೋದರೆ ಯಾರು ಯಾವ ದರ್ಜೆಯವರೆಂಬ ಒಂದು ಪಟ್ಟಿಯೇ ಸಿದ್ಧವಾಗುತ್ತದೆ. ಇನ್ನು ಜನರ ನೆನಪು. ಮೈಸೂರು ಪಾಕನ್ನು ಮೊದಲು ಮಾಡಿದವರು ನಾಲ್ವಡಿಯವರ ಅಡುಗೆಮನೆಯ ಕಾಕಾಸುರ ಮಾದಪ್ಪನವರು ಎಂಬ ಕಥೆ ಮೈಸೂರಿನಲ್ಲಿ ಮನೆಮಾತು. ದೇವರಾಜ ಮಾರುಕಟ್ಟೆಯ ಬಳಿ ಅವರ ವಂಶದವರ ಅಂಗಡಿ ಇಂದೂ ನಡೆಯುತ್ತಿದೆ. ಅರಮನೆಯ ಒಬ್ಬ ಅಡುಗೆಯವರ ಹೆಸರು ಜನರ ನಾಲಿಗೆಯ ಮೇಲೆ ಉಳಿದದ್ದು ನನಗೆ ಸಂತೋಷದ ವಿಷಯ, ಅದು ಸಿಹಿಯೊಂದರ ನೆಪದಿಂದಾದರೂ ಸರಿಯೆ.

ಎರಡನೆಯ ಆಕ್ಷೇಪ ಭಾವನೆಯದು, ಅದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅರಮನೆಯಲ್ಲಿ ಕೆಲಸ ಮಾಡಿದ ಕುಟುಂಬಗಳು ಅದನ್ನು ಹೆಮ್ಮೆಯಿಂದ ನೆನೆಯುತ್ತವೆ. ದೊರೆಗಳು ಅವರ ಮದುವೆಗೆ ಹಣ ಕೊಟ್ಟರು, ಕಾಯಿಲೆಗೆ ಔಷಧಿ ಕೊಡಿಸಿದರು, ಹೆಸರು ಹಿಡಿದು ಕರೆದರು. ಹಾಗಿರುವಾಗ ಹಕ್ಕು, ದುಡಿಮೆ ಎಂಬ ಒಣ ಮಾತುಗಳಿಂದ ಆ ಬಾಂಧವ್ಯವನ್ನು ಅಳೆಯುವುದು ಸರಿಯೆ? ಆ ಹೆಮ್ಮೆ ಸುಳ್ಳಲ್ಲ ಎಂಬುದೇ ನನ್ನ ಮೊದಲ ಉತ್ತರ. ಚೆನ್ನಾಗಿ ಮಾಡಿದ ಕೆಲಸದ ಬಗ್ಗೆ ಮನುಷ್ಯರಿಗಿರುವ ಹೆಮ್ಮೆ ಅದು, ಅದನ್ನು ಗುಲಾಮಗಿರಿಯೆಂದು ತಳ್ಳಿಹಾಕುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಆದರೆ ಕೊಡುವವರ ಒಳ್ಳೆಯತನದಿಂದ ಸಿಗುವ ಔಷಧಿ ಕೊಡುವವರು ಬದಲಾದಾಗ ನಿಲ್ಲಬಹುದು. ಕೇಳಿ ಪಡೆಯಲು ಬರುವಂಥದ್ದು ಹಾಗೆ ನಿಲ್ಲುವುದಿಲ್ಲ. 1868 ಮತ್ತು 1971 ತೋರಿಸಿದ್ದು ಇದನ್ನೇ: ಬಾಂಧವ್ಯವಿತ್ತು, ಆದರೆ ಬಾಂಧವ್ಯವನ್ನು ನ್ಯಾಯಾಲಯಕ್ಕೆ ಒಯ್ಯಲು ಬರುತ್ತಿರಲಿಲ್ಲ.

ಮೂರನೆಯ ಆಕ್ಷೇಪ ಇತಿಹಾಸಕಾರರದು: ಇಂದಿನ ಕಾರ್ಮಿಕರ ಅಳತೆಗೋಲನ್ನು ಅಂದಿನವರ ಮೇಲೆ ಹೇರುವುದು ಕಾಲದೋಷವಲ್ಲವೆ? ಅಂದಿನ ದೊರೆಗಳನ್ನು ಇಂದಿನ ಕಾಯಿದೆಯ ಕಟಕಟೆಯಲ್ಲಿ ನಿಲ್ಲಿಸಿದರೆ ಖಂಡಿತ ಕಾಲದೋಷವೇ. ನಾನು ಮಾಡುತ್ತಿರುವುದು ಬೇರೆ. ಆನೆಯ ಮಾವುತರ ಉದಾಹರಣೆಯಿಂದ ಇದನ್ನು ಹೇಳುತ್ತೇನೆ, ಏಕೆಂದರೆ ಅರಮನೆಯ ಊಳಿಗಗಳಲ್ಲಿ ನಮ್ಮ ಕಣ್ಣೆದುರಿಗೆ ಇನ್ನೂ ಜೀವಂತವಾಗಿರುವುದು ಅದೊಂದೇ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಮಹಾರಾಜರ ಮಾವುತನೊಬ್ಬನ ಮಗ. ತಂದೆ ತೀರಿಕೊಂಡ ಮೇಲೆ ಆ ಹುಡುಗನಿಗೆ ಗಜಶಾಲೆಯೇ ಆಸರೆಯಾಯಿತು. ಮೈಸೂರಿನಲ್ಲಿ ಚಿತ್ರೀಕರಣಕ್ಕೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡ ಅವನನ್ನು ಆರಿಸಿತು, 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು, ಅವನು ಇಂಗ್ಲೆಂಡಿಗೂ ಆಮೇಲೆ ಹಾಲಿವುಡ್ಡಿಗೂ ಹೋದ. ತಂದೆಯಿಲ್ಲದ ಮಗುವಿಗೆ ಲಾಯ ಆಸರೆ ಕೊಟ್ಟದ್ದು ವ್ಯವಸ್ಥೆಯ ಉದಾರತೆ. ಶಾಲೆಗಿಂತ ಮೊದಲು ಆನೆಯ ಬೆನ್ನೇ ಅವನ ದಾರಿಯೆಂದು ಹುಟ್ಟಿನಿಂದಲೇ ತೀರ್ಮಾನವಾಗಿದ್ದು ಅದೇ ವ್ಯವಸ್ಥೆಯ ಕಟ್ಟು. ಎರಡನ್ನೂ ಒಟ್ಟಿಗೆ ಕಾಣುವುದು ಕಾಲದೋಷವಲ್ಲ.

ಇಂದು ಜಂಬೂಸವಾರಿಯ ಆನೆಗಳನ್ನು ನಡೆಸುವ ಮಾವುತರು, ಕಾವಾಡಿಗಳು ಅರಣ್ಯ ಇಲಾಖೆಗೆ ಸೇರಿದವರು. ಅವರಲ್ಲಿ ಜೇನುಕುರುಬ, ಬೆಟ್ಟಕುರುಬ ಸಮುದಾಯದವರು ಬಹಳ. ದಸರೆಗೆ ಮೊದಲು ಗಜಪಯಣದ ಜೊತೆ ಕಾಡಂಚಿನ ಶಿಬಿರಗಳಿಂದ ಕುಟುಂಬ ಸಮೇತ ಬಂದು ಅರಮನೆಯ ಆವರಣದ ತಾತ್ಕಾಲಿಕ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟಿನಲ್ಲಿ ಶಾಲೆ ನಡೆಯುತ್ತದೆ. ಸುಮಾರು 750 ಕಿಲೋ ತೂಕದ ಅಂಬಾರಿಯ ಮುಂದೆ, ಆನೆಯ ಕತ್ತಿನ ಮೇಲೆ ಕೂತವನ ಕಾಲ್ಬೆರಳಿನ ಸನ್ನೆಯ ಮೇಲೆ ಆ ದಿನದ ಇಡೀ ವೈಭವ ನಿಂತಿರುತ್ತದೆ. ಅವನ ದುಡಿಮೆಗೆ ಈಗ ಇಲಾಖೆಯ ಸಂಬಳವಿದೆ, ಸೇವಾ ನಿಯಮವಿದೆ. ಉತ್ಸವದ ಗೌರವಧನ ಅದರ ಮೇಲೆ ಸಿಗುವಂಥದ್ದು. ಅದೇ ಕೌಶಲ, ಅದೇ ಆನೆ, ಬಹುಮಟ್ಟಿಗೆ ಅದೇ ಕುಟುಂಬಗಳು. ಬದಲಾಗಿರುವುದು ಕೃಪೆಗೂ ಹಕ್ಕಿಗೂ ಇದ್ದ ಕ್ರಮ: ಮೊದಲು ಹಕ್ಕು, ಆಮೇಲೆ ಉಡುಗೊರೆ. ತಾತ್ಕಾಲಿಕ ಶೆಡ್ಡು ಇಂದಿಗೂ ತಾತ್ಕಾಲಿಕ ಶೆಡ್ಡೇ ಎಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ.

ಅರಮನೆಯಿಂದ ಹೊರಗೆ ಈ ಬದಲಾವಣೆ ಇನ್ನೂ ನಿಧಾನ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸುವ ಕೆಲಸವನ್ನು ಕರ್ನಾಟಕ 2004ರಲ್ಲಿ, ಇತರ ರಾಜ್ಯಗಳಿಗಿಂತ ಮೊದಲೇ ಆರಂಭಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಹೊಸೂರು ರಸ್ತೆಯ ಎರಡೂ ಬದಿಯ ಅಪಾರ್ಟ್‌ಮೆಂಟುಗಳಿಗೆ ಬೆಳಿಗ್ಗೆ ಆರಕ್ಕೇ ಬಂದು ಸೇರುವ ಹೆಂಗಸರು ಮನೆಯವರಂತೆಯೇ ಇದ್ದಾರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮನೆಯವರಂತೆ ಎಂಬ ಪ್ರೀತಿಯ ಮಾತು ರಜೆಯ ಲೆಕ್ಕ ಕೇಳುವಾಗ ಅಡ್ಡ ಬರುವುದನ್ನೂ ಕೇಳಿದ್ದೇವೆ. ಕೃಪೆಯೋ ಹಕ್ಕೋ ಎಂಬ ಅಗರಯ್ಯನ ಕಾಲದ ಪ್ರಶ್ನೆ ಎಲ್ಲೂ ಹೋಗಿಲ್ಲ.

ಕೊನೆಯದಾಗಿ ಇಲ್ಲಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಕೋರಿಕೆ. ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ಅರಮನೆಯ ಕಡತಗಳಿವೆ. ಅವುಗಳಲ್ಲಿ ಸಂಗೀತಗಾರರು, ನಟರು, ಕಲಾವಿದರಿಗೆ ಸಂಬಂಧಿಸಿದ ದಾಖಲೆಗಳು 1990ರ ದಶಕದಲ್ಲಿ ಸಂಪುಟವಾಗಿ ಅಚ್ಚಾದವು. ಅದರಿಂದ ವೀಣೆ ಶೇಷಣ್ಣನವರಂಥ ವಿದ್ವಾಂಸರ ಕಾಲದ ಆಸ್ಥಾನ ಜೀವನ ನಮಗೆ ಹೆಚ್ಚು ಸ್ಪಷ್ಟವಾಯಿತು. ಅಡುಗೆಯವರ, ನೀರಿನವರ, ದೀಪದವರ, ಲಾಯದವರ, ಜನಾನಾದ ದಾದಿಯರ ಕಾಗದಗಳಿಗೂ ಅಂಥದೇ ಸಂಪುಟ ಬೇಕು: ನೇಮಕದ ಆದೇಶ, ಸಂಬಳದ ಪಟ್ಟಿ, ದಂಡ ಹಾಕಿದ ಟಿಪ್ಪಣಿ, ರಜೆಯ ಅರ್ಜಿ, ಗಂಡ ಸತ್ತ ಮೇಲೆ ಮಗನಿಗೆ ಕೆಲಸ ಕೊಡಿ ಎಂದು ಹೆಂಡತಿ ಬರೆಸಿದ ಮನವಿ, ಇಂಥವನ್ನು ಹುಡುಕಿ ಓದುವವರು ಬೇಕು. ಮೈಸೂರು, ಬೆಂಗಳೂರು, ಮಡಿಕೇರಿಗಳಲ್ಲಿ ಅರಮನೆಯ ಕೆಲಸದಲ್ಲಿದ್ದ ಮನೆತನಗಳ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಹೋದವರು ಮಹಾರಾಜರು ಹೇಗಿದ್ದರು ಎಂದು ಕೇಳುವುದನ್ನು ಒಂದು ದಿನದ ಮಟ್ಟಿಗೆ ಬದಿಗಿಡಲಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದಿರಿ, ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಿರಿ, ಮಧ್ಯಾಹ್ನ ಎಲ್ಲಿ ಕೂತು ಉಣ್ಣುತ್ತಿದ್ದಿರಿ, ಸಂಬಳ ಯಾವ ತಾರೀಕಿಗೆ ಕೈಗೆ ಬರುತ್ತಿತ್ತು, ಮೈ ಹುಷಾರಿಲ್ಲದ ದಿನ ನಿಮ್ಮ ಬದಲು ಯಾರು ನಿಲ್ಲುತ್ತಿದ್ದರು ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ.